ಬಾರ್ಲಿ ಕಷಾಯ

ಭಾವನವರಿಗೆ ನಮಸ್ಕಾರ. ನಿಮ್ಮ ಕಣ್ಣಿನ ಕಟ್ಟು ಬಿಚ್ಚೋವರೆಗೆ ಅಕ್ಕನೇ ಓದಿ ಹೇಳಬೇಕಲ್ಲ, ಅದಕ್ಕೇ ಅಕ್ಷರ ಬಿಡಿಸಿ ಬರೀತಿದ್ದೀನಿ. ನಾನು ಬಂದ ಕೆಲಸ, ಬಾಟಲಿಗೆ ಮುಚ್ಚಳ ಹಾಕೋ ಮೆಷಿನ್ನಿನ ರಿಪೇರಿ, ಆಯ್ತು. ಈ ಕಾರ್ಖಾನೆ ಹೆಸರು ನಾವಿಬ್ಬರೂ ಕೇಳಿದವರಲ್ಲ. ಆದರೂ ನೀವು ಹೇಳಿಕಳಿಸಿದ್ದಕ್ಕೆ ಇಲ್ಲಿನ ಬಾರ್ಲಿ ಕಷಾಯದ ರುಚಿ ನೋಡಿದೆ. ಮೇಸ್ತ್ರಿ ಒಂದು ಗುಟುಕು ಬಗ್ಗಿಸಿ, "ಮೊದಲು ಮೂಸಿ, ಏನು ವಾಸನೆ ಹೇಳಿ" ಅಂದರು. ಪಕ್ಕದವನು ಸಮುದ್ರ ಅಂದ. ಇನ್ನೊಬ್ಬ ಹಳೇ ಚಪ್ಪಲಿ ಅಂದ. ನಾನು ಹೊಗೆ ಹಿಡಿದ ಹಾಲು ಅಂದೆ. ಮೇಸ್ತ್ರಿ ಕೈ ಕುಲುಕಿದರು. ಮನೇಲಿ ಹಾಲು ಹಾಗಾದರೆ ಅಕ್ಕ ಬೈದು ಚೆಲ್ಲಿಬಿಡ್ತಾಳೆ. ಇವರು ಅದನ್ನೇ ಮರದ ಪೀಪಾಯಿಲಿ ಹನ್ನೆರಡು ವರ್ಷ ಜೋಪಾನ ಮಾಡ್ತಾರೆ. ಇಳಿಯೋವಾಗ ಗಂಟಲು ಬಿಸಿ, ಆಮೇಲೆ ನಾಲಿಗೆ ತುದಿ ಸಿಹಿ. ನಿಮ್ಮ ಪಾಲಿನದನ್ನೂ ನಾನೇ ಕುಡಿದೆ. ನೆಗಡಿ ಬಿಟ್ಟಿದೆ. ಶುಕ್ರವಾರ ಹೊರಡ್ತೀನಿ.
ನಿಮ್ಮ ಬಾಮೈದ

ಅಕ್ಕಾ, ಇದನ್ನ ಓದಿ ಹೇಳಬೇಡ. ಅದು ಸಿಂಗಲ್ ಮಾಲ್ಟ್ ಸ್ಕಾಚ್ ವಿಸ್ಕಿ ಅಂತ ನಿನಗೆ ಆಗಲೇ ಗೊತ್ತಾಗಿರುತ್ತೆ. ಡಾಕ್ಟರು ಮುಟ್ಟಲೇಬಾರದು ಅಂದಮೇಲೆ ಭಾವನವರಿಗೆ ಉಳಿದಿರೋದು ಕೇಳೋದೊಂದೇ. ಕಷಾಯದ ಭಾಗ ಇನ್ನೊಂದು ಸಲ ಓದು ಅಂತಾರೆ. ಓದು. ನಗಬೇಡ.