ಕೆರೆಗೆ ಬೆನ್ನು ಹಾಕಿದ ಗೋಪುರ

೧೪ ನವೆಂಬರ್, ಶುಕ್ರವಾರ

ಕೆರೆ ಸಮಿತಿ ಅಧ್ಯಕ್ಷ ಶಾಂತಯ್ಯನನ್ನು ನೆನೆದರೇ ಮೈ ಉರಿಯುತ್ತದೆ. ಮುಗದ ಊರಿನಾಚೆ, ಕೆರೆಯಂಚಿನ ಜೌಗಿನಲ್ಲಿ ಹಕ್ಕಿ ನೋಡಲೆಂದು ನಾನು ನಕ್ಷೆ ಬರೆದ ವೀಕ್ಷಣಾ ಗೋಪುರಕ್ಕೆ ವಾಸ್ತು ಬೇಕಂತೆ.

“ಮಾರಿ ಪೂರ್ವಕ್ಕ ಇರಬೇಕ್ರಿ.”

ಮುಖ ಪೂರ್ವಕ್ಕಿಟ್ಟರೆ ಹೇಗೆ, ಕೆರೆ ಇರುವುದು ಪಶ್ಚಿಮಕ್ಕೆ ಎಂದೆ.

“ಅದಕ್ಕೇನ್ರಿ, ಹಕ್ಕಿ ನೋಡಾವ್ರು ಹೊಳ್ಳಿ ನೋಡ್ತಾರ ತಗೋರಿ!”

ಸಂಜೆ ಗೋಪುರ ಕಟ್ಟುವ ಜಾಗಕ್ಕೇ ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಂತೆ. ಕಂಡದ್ದು ಅವನದೇ ಲೇಔಟ್, ಸಾಲು ಸಾಲು ಸೈಟುಗಲ್ಲು. ವಾಸ್ತುವಂತೆ, ಥೂ! ಗಿರಾಕಿಗಳನ್ನು ಹತ್ತಿಸಿ ಸೈಟು ತೋರಿಸಲು ಬೇಕಾಗಿದೆ ಅವನಿಗೆ ನನ್ನ ಗೋಪುರ.

ಈಗಷ್ಟೇ ನಕ್ಷೆ ತಿದ್ದಿದೆ. ಬಾಗಿಲು ಪೂರ್ವಕ್ಕೇ ಇಟ್ಟಿದ್ದೇನೆ. ನಕ್ಷೆಯಲ್ಲಿ ಅವನು ನೋಡುವುದು ಅದೊಂದನ್ನೇ. ಮೇಲಿನ ಅಟ್ಟಣಿಗೆಯಲ್ಲಿ ಮಾತ್ರ ಆ ದಿಕ್ಕಿಗೆ ಆಳೆತ್ತರದ ಗೋಡೆ, ಒಂದು ಕಿಂಡಿಯೂ ಇಲ್ಲ. ಉದ್ಘಾಟನೆಯ ದಿನ ಗಿರಾಕಿಗಳನ್ನು ಕಟ್ಟಿಕೊಂಡು ಏದುಸಿರು ಬಿಡುತ್ತ ಹತ್ತಲಿ. ಗೋಡೆಗೆ ಮೂಗು ತಾಗಿದ ಮೇಲೆ ಅವನೂ ಕೆರೆಯ ಕಡೆ ಹೊಳ್ಳಿ ನೋಡಲಿ.