ತೊಟ್ಟಿಯ ನೀರು

೧೯೧೩, ಫೆಬ್ರವರಿ ೧೧, ಮಂಗಳವಾರ. ಮೊಳಕಾಲ್ಮೂರು

ಬೆಳಿಗ್ಗೆಯಿಂದ ಇಟ್ಟಿಗೆ ಆರಿಸಿದ್ದೇ ಆಯಿತು. ಎರಡನ್ನು ಕೈಯಲ್ಲಿ ಹಿಡಿದು ಒಂದಕ್ಕೊಂದು ತಟ್ಟಿ ನೋಡುವುದು. ಖಣ್ ಎಂದರೆ ಗೋಡೆಗೆ. ದಬ್ ಎಂದರೆ ಆಚೆಗೆ.

ಸಿಮೆಂಟ್ ಇಟ್ಟಿಗೆ ಈ ಊರಿಗೆ ಹೊಸದು. ಜನ ಬರುತ್ತಾರೆ, ಉಗುರಿನಿಂದ ಕೆರೆದು ನೋಡುತ್ತಾರೆ, ನಕ್ಕು ಹೋಗುತ್ತಾರೆ. ಮಾಲೀಕ ಜಂಬುಲಿಂಗಪ್ಪನವರು ನಗುವುದಿಲ್ಲ. ಹೋದ ವರ್ಷ ಅವರ ಮಣ್ಣುಗೋಡೆಯ ಉಗ್ರಾಣಕ್ಕೆ ಗೆದ್ದಲು ಹತ್ತಿ ರೇಷ್ಮೆ ನೂಲಿನ ಪೆಟ್ಟಿಗೆಗಳೆಲ್ಲ ಹಾಳು. ಈಗ ಗೆದ್ದಲು ಕೊರೆಯದ ಗೋಡೆ ಬೇಕು. ಅದಕ್ಕೇ ಚಳ್ಳಕೆರೆಯಿಂದ ನನ್ನನ್ನು ಓವರ್ಸಿಯರ್ ಆಗಿ ಕರೆಸಿದ್ದು. ಸಿಮೆಂಟ್ ಪೀಪಾಯಿ ರಾಯದುರ್ಗದವರೆಗೆ ರೈಲಿನಲ್ಲಿ, ಅಲ್ಲಿಂದ ಗಾಡಿಯಲ್ಲಿ. ಮರಳು ಚಿನ್ನಹಗರಿ ಹೊಳೆಯದು. ಅಚ್ಚು ಹಾಕುವ ಮಿಷನ್ ಬಳ್ಳಾರಿಯಿಂದ.

ಪಡುವಣ ಅಂಚಿನ ಸಾಲಿನಲ್ಲಿ ಸುಮಾರು ಇಟ್ಟಿಗೆ ದಬ್ ಎನ್ನುತ್ತಿವೆ. ಹೆಬ್ಬೆರಳು ಒತ್ತಿದರೆ ಮೂಲೆ ಉದುರುತ್ತದೆ. ನೀರು ಸಾಲದೆ ಹೀಗಾಗಿದೆ, ಅನುಮಾನವೇ ಇಲ್ಲ. ಹಸಿ ಇಟ್ಟಿಗೆಗೆ ಗೋಣಿ ಹೊದಿಸಿ ವಾರಗಟ್ಟಲೆ ನೀರು ಚಿಮುಕಿಸುತ್ತಲೇ ಇರಬೇಕು. ಬೇಗ ಒಣಗಿದರೆ ಒಳಗೆ ಗಟ್ಟಿಯಾಗದು. ದಿನವೂ ಗಾಡಿಯಲ್ಲಿ ನೀರು ತರಿಸಿ ಕಲ್ಲಿನ ತೊಟ್ಟಿ ತುಂಬಿಸುತ್ತೇನೆ. ಮತ್ತೆ ಸಾಲದೆ ಹೋಗುವುದು ಹೇಗೆ?

ಗಾರೆ ಕೆಲಸದ ದುರುಗಣ್ಣನನ್ನು ಕೇಳಿದೆ. "ಬಿಸ್ಲು ಜಾಸ್ತಿ ಐತಲ್ಲ ಸಾಮಿ" ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಫೆಬ್ರವರಿ ೧೪, ಶುಕ್ರವಾರ

ನೇಕಾರರ ಕೇರಿಯಲ್ಲಿ ಇಲಿ ಬಿದ್ದಿವೆ. ಪ್ಲೇಗ್. ನಮ್ಮ ಪಕ್ಕದ ಮನೆಯ ಚಿತ್ತಯ್ಯ, ಅವನ ಹೆಂಡತಿ ತಿಪ್ಪಮ್ಮ, ಇನ್ನೂ ಕೆಲವು ಮನೆಯವರನ್ನು ಊರ ಹೊರಗೆ ಗುಡಿಸಲಿಗೆ ಹಾಕಿ ವಾರವಾಯಿತು. ನಮ್ಮ ಇಟ್ಟಿಗೆ ಅಂಗಳದ ಆಚೆ, ಮುಳ್ಳುಬೇಲಿ ದಾಟಿದರೆ ಅವೇ ಗುಡಿಸಲು. ಯಾವ ಬಾವಿಗೂ ಅವರನ್ನು ಸೇರಿಸುವುದಿಲ್ಲ, ಅವರಿಗೆಂದು ಸೇದುವವರನ್ನು ಕಂಡರೂ ಜನ ದೂರ ಸರಿಯುತ್ತಾರೆ. ಸರಿಯೇ. ಬೇರೆ ದಾರಿ ಏನಿದೆ?

ಹೆಂಡತಿ ರಂಗಕ್ಕ ಊಟಕ್ಕೆ ಬಡಿಸುತ್ತ ಕೇಳಿದಳು: "ಏನಂದ್ರೆ, ತಿಪ್ಪಮ್ಮನೋರಿಗೆ ದಿನಕ್ಕೊಂದು ಕೊಡ ಗಾಡಿ ನೀರು ಕೊಟ್ರೆ ಆಗಲ್ವಾ? ಹೋದ ಬ್ಯಾಸಿಗೇಲಿ ನಂಗೆ ಜ್ವರ ಬಂದಾಗ ಅವ್ಳೇ ತಾನೆ ನೋಡ್ಕಂಡಿದ್ದು."

"ಇಟ್ಟಿಗೇಗೇ ನೀರು ಸಾಲ್ತಿಲ್ಲ. ಆ ಕಡೆ ತಲೆ ಹಾಕಬೇಡ" ಎಂದೆ.

ಸುಮ್ಮನಾದಳು. ಬೇಗನೇ ಸುಮ್ಮನಾದಳು.

ಇವತ್ತು ತೊಟ್ಟಿಯ ಒಳಗೋಡೆಗೆ ಇದ್ದಿಲಿನಿಂದ ಗೆರೆ ಎಳೆದಿಟ್ಟೆ. ಮಧ್ಯಾಹ್ನ ಆಳುಗಳು ಉಣ್ಣಲು ಹೋಗಿ ಬರುವಷ್ಟರಲ್ಲಿ ನೀರು ಗೆರೆಯಿಂದ ಕೆಳಗೆ. ಆ ಹೊತ್ತಿನಲ್ಲಿ ಯಾರೂ ಚಿಮುಕಿಸುವುದಿಲ್ಲ. ಕುಡಿಯಲು ಆಳುಗಳಿಗೆ ಬೇರೆ ಮಡಕೆಯಿದೆ.

ಯಾರೋ ಒಯ್ಯುತ್ತಿದ್ದಾರೆ.

ಫೆಬ್ರವರಿ ೧೯, ಬುಧವಾರ

ಗೋಡೆ ಶುರುವಾಯಿತು. ಮೊದಲ ವರಸೆ ನಾನೇ ನಿಂತು ಇಡಿಸಿದೆ. ಇಟ್ಟಿಗೆಯ ಮುಖ ಒದ್ದೆ ಮಾಡಿ ಇಡಬೇಕು, ತೊಪ್ಪೆ ಮಾಡಬಾರದು. ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬರಬಾರದು. ದುರುಗಣ್ಣನ ಕೈ ಒಳ್ಳೆಯದು, ಒಪ್ಪಬೇಕು. ಕೈ ಒಳ್ಳೆಯದಾದ ಮಾತ್ರಕ್ಕೆ ಮನುಷ್ಯ ಒಳ್ಳೆಯವನೆಂದೇನೂ ಅಲ್ಲ...

ಮಧ್ಯಾಹ್ನ ಬೇಗ ಊಟ ಮುಗಿಸಿ ಬಂದೆ. ಅಂಗಳದಲ್ಲಿ ಬೇರೆ ಯಾರೂ ಇಲ್ಲ. ದುರುಗಣ್ಣ ಒಬ್ಬನೇ ತೊಟ್ಟಿಯ ಹತ್ತಿರ ನಿಂತು ಗುಡಿಸಲಿನ ಕಡೆ ನೋಡುತ್ತಿದ್ದಾನೆ. ನೆಲದ ಮೇಲೆ ನೀರು ತುಳುಕಿದ ಗುರುತು, ಇನ್ನೂ ಹಸಿ.

"ಇಲ್ಲೇನ್ ಮಾಡ್ತಿದೀಯಾ?"

"ಸುಮ್ನೆ ನಿಂತಿದ್ದೆ ಸಾಮಿ."

"ನೀರು ಯಾರು ತಗೊಂಡೋದ್ರು?"

"ನಾನು ನೋಡ್ಲಿಲ್ಲ."

ನೋಡಿದ್ದಾನೆ. ಇಲ್ಲವೇ ಅವನೇ ಕೊಟ್ಟಿದ್ದಾನೆ. ಪ್ಲೇಗಿನವರಿಗೆ ಮಾರುತ್ತಿದ್ದಾನೋ ಏನೋ.

ಫೆಬ್ರವರಿ ೨೦, ಗುರುವಾರ

ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ನಡುಮಧ್ಯಾಹ್ನ ಮನೆಗೆ ಹೋದೆ. ಬಾಗಿಲಿಗೆ ಚಿಲಕ. ರಂಗಕ್ಕ ಇಲ್ಲ. ಜಗಲಿಯ ಮೇಲೆ ಕಾದೆ. ಬಂದಳು. ಸೆರಗು ಒದ್ದೆ, ಉಸಿರು ಏರಿದೆ.

"ಎಲ್ಲಿಗೆ ಹೋಗಿದ್ದೆ?"

"ಬಟ್ಟೆ ಒಗೆಯಕ್ಕೆ."

ಹಗ್ಗದ ಮೇಲೆ ಒಂದೂ ಬಟ್ಟೆ ಇಲ್ಲ. ನಾನು ಹಗ್ಗದ ಕಡೆ ನೋಡಿದ್ದು ಅವಳಿಗೂ ಕಂಡಿತು. ಒಳಗೆ ಹೋದಳು.

ಹೋದ ವಾರ ಅಂಗಳಕ್ಕೆ ಬುತ್ತಿ ತಂದಾಗ ದುರುಗಣ್ಣನ ಹತ್ತಿರ ಏನೋ ಮಾತಾಡುತ್ತ ನಿಂತಿದ್ದಳು. ನಾನು ಹೋದ ಕೂಡಲೇ ಇಬ್ಬರೂ ಮಾತು ನಿಲ್ಲಿಸಿದ್ದರು.

ಇದನ್ನು ಬರೆಯಬಾರದಿತ್ತು. ಬರೆದೆ.

ಫೆಬ್ರವರಿ ೨೨, ಶನಿವಾರ

ನಿನ್ನೆ ಇಡೀ ದಿನ ಕಾವಲು ನಿಂತೆ. ನಿಂತ ದಿನ ನೀರು ಕಡಿಮೆಯಾಗುವುದಿಲ್ಲ. ಕಣ್ಣು ತಪ್ಪಿಸಿದರೆ ಆಗುತ್ತದೆ. ಕಳ್ಳನಿಗೆ ನಾನು ಹೋಗಿ ಬರುವ ಹೊತ್ತು ಚೆನ್ನಾಗಿ ಗೊತ್ತು.

ಒಂದು ಉಪಾಯ ಹೊಳೆಯಿತು. ಗಾರೆಗೆಂದು ತಂದ ಸುಟ್ಟ ಸುಣ್ಣ ಅಂಗಳದಲ್ಲೇ ಇದೆ. ಬೆಳಿಗ್ಗೆ ಯಾರೂ ಬರುವ ಮೊದಲು ಒಂದು ಪುಟ್ಟಿ ತೊಟ್ಟಿಗೆ ಸುರಿದೆ. ಬುಸ್ ಎಂದು ಕುದಿಯಿತು, ತಣ್ಣಗಾಯಿತು. ಸ್ವಲ್ಪ ಹೊತ್ತಿನಲ್ಲಿ ಸುಣ್ಣ ತಳಕ್ಕಿಳಿದು ಮೇಲೆ ತಿಳಿನೀರು. ನೋಡಿದರೆ ಏನೂ ಗೊತ್ತಾಗದು. ಇಟ್ಟಿಗೆಗೆ ಸುಣ್ಣದ ನೀರಿನಿಂದ ಕೆಡುಕಿಲ್ಲ. ಚಿಮುಕಿಸುವವರ ಕೈಯಲ್ಲಿ ಹಿಡಿಕೆಯ ಡಬ್ಬಿಯಿದೆ, ನೀರಿಗೆ ಕೈ ಹಾಕಬೇಕಾಗಿಲ್ಲ. ಕದ್ದು ಮೊಗೆಯುವವನು ಕೈ ಮುಳುಗಿಸಲೇಬೇಕು. ದಿನವೂ ಮುಳುಗಿಸಿದರೆ ಬೆರಳು ಕೆಂಪಾಗಿ ಸುಲಿಯುತ್ತವೆ.

ಯಾರಿಗೂ ಹೇಳಿಲ್ಲ.

ಫೆಬ್ರವರಿ ೨೪, ಸೋಮವಾರ

ಸಂಜೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೈ ತೋರಿಸಿ ಎಂದೆ. ಆಳುಗಳ ಕೈ ಮಣ್ಣಾಗಿವೆ, ಅಷ್ಟೇ. ದುರುಗಣ್ಣನ ಕೈ — ಬೆರಳ ಸಂದಿಯಲ್ಲೆಲ್ಲ ಬಿರುಕು, ಸುಲಿದ ಚರ್ಮ.

"ಇದೇನು?"

"ಗಾರೆ ಕಲಸೋ ಕೈ ಸಾಮಿ. ಯಾವತ್ತಿಂದ್ಲೂ ಹಿಂಗೇ ಐತೆ."

"ನೀರು ಕದ್ದವನು ನೀನೇ."

"ನಾನ್ ಕದ್ದಿಲ್ಲ."

"ಹಂಗಾದ್ರೆ ಯಾರು? ನಿಂಗೆ ಗೊತ್ತೈತೆ. ಹೇಳು."

ನನ್ನನ್ನೇ ನೋಡಿದ. "ಹೇಳಕ್ಕೇನಿಲ್ಲ" ಎಂದ.

ಎಲ್ಲರೆದುರಿಗೆ ಕಳ್ಳ ಎಂದೆ, ನಾಳೆಯಿಂದ ಬರಬೇಡ ಎಂದೆ. ಗಾರೆ ಬಳಿಯುವ ಕರಣಿ, ತೂಗುಗುಂಡು ಟವಲಿನಲ್ಲಿ ಕಟ್ಟಿಕೊಂಡು ಹೊರಟ. ಹೋಗುವ ಮುಂಚೆ ಗೋಡೆಯ ಕೊನೆಯ ಇಟ್ಟಿಗೆಯ ಸುತ್ತ ಉಳಿದಿದ್ದ ಗಾರೆ ಒರೆಸಿ ಹೋದ.

ಜಂಬುಲಿಂಗಪ್ಪನವರಿಗೆ ಸುಣ್ಣದ ವಿಷಯ ಹೇಳಿದೆ. ತೊಡೆ ತಟ್ಟಿಕೊಂಡು ನಕ್ಕರು. "ಭಲೇ ಓವರ್ಸಿಯರ್ರೇ! ಇನ್ನೂ ಎಂಟು ದಿನ ಹಂಗೇ ಇರ್ಲಿ ಬಿಡ್ರಿ, ಉಳಿದೋರಿಗೂ ಬುದ್ಧಿ ಬರ್ಲಿ."

ಇಂದು ನಿದ್ದೆ ಬರಬಹುದು.

ಫೆಬ್ರವರಿ ೨೫, ಮಂಗಳವಾರ

ನೀರು ಮತ್ತೆ ಗೆರೆಯಿಂದ ಕೆಳಗೆ. ದುರುಗಣ್ಣ ಊರಲ್ಲೇ ಇಲ್ಲ. ನಸುಕಿನಲ್ಲೇ ಚಳ್ಳಕೆರೆಯ ಗಾಡಿ ಹತ್ತಿದನಂತೆ.

ರಾತ್ರಿ ಊಟಕ್ಕೆ ಕುಳಿತಾಗ ರಂಗಕ್ಕ ಮುದ್ದೆಯನ್ನು ಸೌಟಿನಿಂದ ತಳ್ಳಿ ತಟ್ಟೆಗೆ ಹಾಕಿದಳು. ಯಾವಾಗಲೂ ಕೈಯಲ್ಲೇ ಇಡುತ್ತಿದ್ದವಳು. ಬೆರಳು ಐದೂ ಕೆಂಪು.

"ಏನಾಯ್ತು ಕೈಗೆ?"

"ಒಲೆ ತಾಗ್ತು."

ಒಲೆ ತಾಗಿದರೆ ಒಂದು ಕಡೆ ಸುಡುತ್ತದೆ. ಐದೂ ಬೆರಳನ್ನು ಮಣಿಕಟ್ಟಿನವರೆಗೆ ಒಂದೇ ಸಮ ಸುಡುವ ಒಲೆ ಯಾವುದು?

ಕೇಳಲಿಲ್ಲ. ನಾಳೆ ನೋಡುತ್ತೇನೆ.

ಫೆಬ್ರವರಿ ೨೬, ಬುಧವಾರ. ಮಧ್ಯಾಹ್ನ

ಇಟ್ಟಿಗೆ ಪೇರಿಸಿಟ್ಟ ಸಾಲಿನ ಹಿಂದೆ ಕುಳಿತಿದ್ದೆ. ಬಂದಳು. ಸೊಂಟದಲ್ಲಿ ನಮ್ಮ ಹಿತ್ತಾಳೆ ಕೊಡ. ಇವತ್ತು ಗಾಡಿ ತಡ, ತೊಟ್ಟಿಯಲ್ಲಿ ನೀರು ಮೊಣಕಾಲಿಗೂ ಇಲ್ಲ. ಬಗ್ಗಿ ತಳದಿಂದ ಬಳಿದು ತುಂಬಿಸಿದಳು. ನಾನು ಎದ್ದು ನಿಂತೆ.

ಹೆದರಿದಳು. ಆದರೆ ಓಡಲಿಲ್ಲ. ಕೊಡವನ್ನು ಕೆಳಗಿಡಲೂ ಇಲ್ಲ.

"ಬೈಯ್ರಿ, ಹೊಡೀರಿ, ಆಮೇಲೆ. ಮೊದ್ಲು ಇದನ್ನ ಕೊಟ್ಟು ಬರ್ತೀನಿ. ತಿಪ್ಪಮ್ಮಂಗೆ ಜ್ವರ ಇಳಿದೈತೆ, ಬದುಕ್ತಾಳೆ ಅಂತಾರೆ. ಆದ್ರೆ ನಿನ್ನೆ ಮುಖ ತೊಳ್ಕಂಡಾಗಿಂದ ಕಣ್ಣು ಬಿಡಕಾಗ್ತಿಲ್ಲ ಅವ್ಳಿಗೆ. ಉರಿ ಉರಿ ಅಂತ ಹೊಳ್ಳಾಡ್ತಾಳೆ. ನಾನು ಇದೇ ನೀರಲ್ಲಿ ಬಟ್ಟೆ ನೆನೆಸಿ ಕಣ್ಣಿನ ಮ್ಯಾಲೆ ಇಡ್ತಾನೇ ಇದೀನಿ. ಇಟ್ಟಷ್ಟೂ ಜಾಸ್ತಿ ಆಗ್ತೈತೆ. ನೀರು ಕುಡಿದ್ರೆ ನಾಲಿಗೆ ಚುರುಗುಟ್ಟುತ್ತೆ ಅಂದಿದ್ಲು, ಜ್ವರದ ಬಾಯಿ ಅಂದ್ಕಂಡೆ." ನನ್ನ ಮುಖ ನೋಡಿದಳು. "ನೀವು ಓದಿದೋರು. ಪ್ಲೇಗು ಕಣ್ಣಿಗೂ ಇಳಿಯುತ್ತೇನ್ರಿ?"

ಹೇಳಿದೆ. ಸುಣ್ಣ ಎಂದೆ. ನಾನೇ ಎಂದೆ.

ಕೊಡ ತಲೆಕೆಳಗು ಮಾಡಿದಳು. ಬೆಳ್ಳಗೆ ಹರಿಯಿತು. ಅದನ್ನೇ ನೋಡುತ್ತಿದ್ದಳು.

"ದುರುಗಣ್ಣ ನೋಡಿದ್ದ ನನ್ನ. ನಾನೇ ಕೈ ಮುಗ್ದು, ಹೇಳಬ್ಯಾಡಪ್ಪಾ ಅಂದಿದ್ದೆ. ಅದಕ್ಕೇ ಅವನು..."

ಖಾಲಿ ಕೊಡ ಎತ್ತಿಕೊಂಡು ಬಾವಿಯ ಕಡೆ ಓಡಿದಳು. ನಾನೂ ಓಡಿದೆ.

ಅದೇ ದಿನ, ಸಂಜೆ

ಬಾವಿ ನೀರು ಹೊತ್ತುಕೊಂಡು ಮುಳ್ಳುಬೇಲಿ ದಾಟಿದೆ. ಮೊದಲ ಸಲ. ತಿಪ್ಪಮ್ಮ ಚಾಪೆಯ ಮೇಲೆ ಮೊಣಕಾಲಿಗೆ ಹಣೆ ಒತ್ತಿ ಕುಳಿತಿದ್ದಳು. ರಂಗಕ್ಕ ರೆಪ್ಪೆ ಬಿಡಿಸಿ ಹಿಡಿದಳು. ನಾನು ನೀರು ಹನಿಸಿದೆ, ಕೊಡ ಮುಗಿಯುವವರೆಗೆ. ಮತ್ತೆ ತಂದೆ. ಮತ್ತೆ. ಚಿತ್ತಯ್ಯ ಹಿಂದೆ ನಿಂತು "ದೇವುಡಾ, ದೇವುಡಾ" ಎನ್ನುತ್ತಿದ್ದ. ಓವರ್ಸಿಯರ್ ಬಂದು ತನ್ನ ಹೆಂಡತಿಗೆ ಉಪಚಾರ ಮಾಡುತ್ತಿದ್ದಾನೆಂದು ನನ್ನ ಕಾಲಿಗೆ ಬಿದ್ದ.

ಆಗ ಹೇಳಿದೆ. ಕಾಲ ಬಳಿ ಕುಳಿತವನು ಮೇಲೆ ನೋಡಲಿಲ್ಲ. ನನ್ನ ಪಾದದಿಂದ ಕೈ ತೆಗೆದ, ಅಷ್ಟೇ.

ರಂಗಕ್ಕ ವಾಪಸು ಬರಲಿಲ್ಲ. ಇಲ್ಲೇ ಇರ್ತೀನಿ ಎಂದಳು.

ಮನೆಗೆ ಬರುವ ಮುಂಚೆ ತೊಟ್ಟಿ ಪೂರ್ತಿ ಖಾಲಿ ಮಾಡಿ ತಿಕ್ಕಿದೆ.

ಮಾರ್ಚ್ ೪, ಮಂಗಳವಾರ

ಗುಡಿಸಲುಗಳನ್ನು ನೋಡಲು ಬಂದ ಡಾಕ್ಟರ್ ತಿಪ್ಪಮ್ಮನ ಕಣ್ಣನ್ನೂ ನೋಡಿದರು. ಎಡಗಣ್ಣು ಉಳಿಯುತ್ತದೆ. ಬಲಗಣ್ಣಿನ ಮೇಲೆ ಬಿಳಿ ಪೊರೆ, ಅದು ಹೋದಂತೆಯೇ. ಮಗ್ಗದ ಮೇಲೆ ಕೂದಲಿನಷ್ಟು ಸಣ್ಣ ಎಳೆ ಆರಿಸಿ ಗಂಟು ಹಾಕುತ್ತಿದ್ದವಳು.

ನಿನ್ನೆ ಚಳ್ಳಕೆರೆಗೆ ಹೋಗಿದ್ದೆ. ದುರುಗಣ್ಣ ಸಂತೆಬೀದಿಯಲ್ಲಿ ಒಂದು ಅಂಗಡಿಯ ಗೋಡೆ ಕಟ್ಟುತ್ತಿದ್ದ. ಸಾರುವೆಯ ಮೇಲಿದ್ದ. ಇಳಿಯಲಿಲ್ಲ. ಕೆಳಗೆ ನಿಂತೇ ಹೇಳಿದೆ, ತಪ್ಪಾಯಿತೆಂದೆ, ಎಲ್ಲ ಆಳುಗಳೆದುರಿಗೂ ಹೇಳಿದ್ದೇನೆಂದೆ.

"ಅಮ್ಮೋರ ಕೈ ಹೆಂಗೈತೆ?"

"ವಾಸಿಯಾಗ್ತಾ ಐತೆ. ಯಾಕೆ ಹೇಳ್ಲಿಲ್ಲ ದುರುಗಣ್ಣ, ಅವತ್ತೇ?"

"ಏನಂತ ಹೇಳ್ಲಿ? ನಿಮ್ಮನೆ ಅಮ್ಮೋರು ನಿಮ್ಮ ತೊಟ್ಟಿ ನೀರು ತಗಂಡೋದ್ರು ಅಂತನಾ? ಅದು ಕಳ್ತನ ಅಂತ ನಂಗನ್ನಿಸ್ಲಿಲ್ಲ." ಕರಣಿಯಿಂದ ಗಾರೆ ಎಳೆದ. "ನೀವು ಹಂಗೆ ನಿಂತು ಕೈ ನೋಡ್ತಿದ್ರಲ್ಲ... ಹೇಳಿದ್ರೆ ಆಯಮ್ಮನ್ನ ಏನ್ ಮಾಡ್ತಿದ್ರೋ ಅಂತ ಭಯ ಆತು."

ವಾಪಸು ಬಾ ಎಂದೆ.

"ಬರಲ್ಲ ಸಾಮಿ. ಬಿಸ್ಲಾಗ್ತೈತೆ, ನೀವು ಹೊರಡ್ರಿ."

ಗಾಡಿಯಲ್ಲಿ ಬರುವಾಗ ಒಂದು ಯೋಚನೆ ಬಿಡಲಿಲ್ಲ. ದಿನಕ್ಕೆ ಒಂದೆರಡು ಕೊಡ ನೀರು. ಅಷ್ಟಕ್ಕೆ ಅಷ್ಟೊಂದು ಇಟ್ಟಿಗೆ ಕೆಡುವುದುಂಟೇ? ಕೆಟ್ಟಿದ್ದು ಪಡುವಣ ಅಂಚಿನ ಸಾಲು ಮಾತ್ರ. ಸಂಜೆಯ ಬಿಸಿಲು, ಒಣಗಾಳಿ ಎರಡೂ ಹೊಡೆಯುವ ಜಾಗ. ಅಲ್ಲಿ ಪೇರಿಸಿ ಎಂದವನು ನಾನೇ. ಅಷ್ಟು ಸಣ್ಣ ಲೆಕ್ಕ ನನಗೆ ಬಾರದ್ದೇನಲ್ಲ. ಮಾಡಲಿಲ್ಲ. ಕಳ್ಳ ಬೇಕಾಗಿದ್ದ.

ಮಾರ್ಚ್ ೭, ಶುಕ್ರವಾರ

ಜಂಬುಲಿಂಗಪ್ಪನವರು ಕರೆಸಿದ್ದರು. ಪ್ಲೇಗಿನ ಗುಡಿಸಲಿಗೆ ಹೋಗಿ ಬರುವವನು ಅಂಗಳಕ್ಕೆ ಬರುವುದು ಬೇಡ ಎಂದರು. ಜಗಲಿಯ ಆ ತುದಿಯಿಂದ, ಮೂಗಿಗೆ ಬಟ್ಟೆ ಹಿಡಿದು. ಬಳ್ಳಾರಿಯಿಂದ ಬೇರೆ ಓವರ್ಸಿಯರ್ ಬರುತ್ತಾರಂತೆ. "ಸುಣ್ಣದ ಮಾತು ಯಾರ ಹತ್ರನೂ ಎತ್ತಬ್ಯಾಡ್ರಿ. ನಾನು ಏನೂ ಹೇಳಿಲ್ಲ, ನಂಗೇನೂ ಗೊತ್ತಿಲ್ಲ."

ಎತ್ತಿಯಾಗಿದೆ ಎಂದು ಹೇಳಿ ಬಂದೆ.

ಮಾರ್ಚ್ ೯, ಭಾನುವಾರ

ದಿನವೂ ಎರಡು ಹೊತ್ತು ನೀರು ಹೊರುತ್ತೇನೆ. ಗುಡಿಸಲಿನ ಎಲ್ಲರಿಗೂ. ಭುಜ ಬಾತಿದೆ. ಬಾವಿಯ ಹತ್ತಿರ ಜನ ನನ್ನಿಂದಲೂ ದೂರ ಸರಿಯುತ್ತಾರೆ. ಸರಿಯಲಿ.

ಚಿತ್ತಯ್ಯ ಮಾತಾಡುವುದಿಲ್ಲ. ಬೇಲಿಯ ಒಳಗೆ ಕಾಲಿಡಬೇಡಿ ಎಂದು ರಂಗಕ್ಕನ ಕೈಯಲ್ಲಿ ಹೇಳಿ ಕಳಿಸಿದ. ಅವಳೇ ಬಂದು ಕೊಡ ಒಯ್ಯುತ್ತಾಳೆ.

ಇವತ್ತು ಬೆಳಿಗ್ಗೆ ಕೊಡ ಇಟ್ಟು ಹಿಂದೆ ಸರಿದು ನಿಂತೆ. ಬಂದಳು. ಬೆರಳುಗಳ ಹಳೆ ಚರ್ಮ ಸುಲಿದು ಹೊಸದು ಬರುತ್ತಿದೆ. ತಿಪ್ಪಮ್ಮ ಹೇಗಿದ್ದಾಳೆ ಎಂದೆ. ಕೂತ್ಕಂಡು ಗಂಜಿ ಕುಡಿದ್ಲು ಎಂದಳು. ನೀನು ಉಂಡೆಯಾ ಎಂದೆ. ಹ್ಞೂ ಎಂದಳು.

ಕೊಡ ಎತ್ತಲಿಲ್ಲ. ಬಗ್ಗಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು. ಕಾದಳು. ಇನ್ನೊಮ್ಮೆ ಅದ್ದಿ ಕಣ್ಣಿನ ಕೊನೆಗೆ ಹಚ್ಚಿಕೊಂಡು ರೆಪ್ಪೆ ಬಡಿದು ನೋಡಿದಳು. ಆಮೇಲೆ ಸೊಂಟಕ್ಕೆ ಏರಿಸಿದಳು.

"ಬಾವಿ ನೀರು, ರಂಗೀ" ಎಂದೆ.

"ಗೊತ್ತು" ಎಂದಳು. ನನ್ನ ಕಡೆ ನೋಡಿಯೇ ಹೇಳಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ...

ಸಂಜೆಯೂ ಹಾಗೆಯೇ ಮಾಡಿದಳು. ಮೊದಲು ನಾಲಿಗೆ, ಆಮೇಲೆ ಕಣ್ಣು.

ನಾಳೆ ಅವಳು ಬೇಲಿಯ ಹತ್ತಿರ ಬರುವವರೆಗೆ ಕಾಯುತ್ತೇನೆ. ಅವಳು ಬಗ್ಗುವ ಮೊದಲು, ಅವಳ ಕಣ್ಣೆದುರಿಗೇ ಒಂದು ಬೊಗಸೆ ತೆಗೆದು ನಾನು ನನ್ನ ಕಣ್ಣಿಗೆ —