ಮೊದಲನೇ ಮಡಿಯ ಆಲೂಗಡ್ಡೆ ಜರುಗಿದ್ದು

ಮಾವ,

ನಾನು ಸೋಮವಾರಪೇಟೆಗೆ ಹೊರಟೆ. ಅಕ್ಕಿರೊಟ್ಟಿ ಡಬ್ಬಿಯಲ್ಲಿದೆ. ಮಾತ್ರೆ ಊಟವಾದ ಮೇಲೆ.

ಬೆಳಿಗ್ಗೆ ನೀರು ಹಾಕಲು ಹೋದಾಗ ಮೊದಲನೇ ಏರುಮಡಿಯ ಮಣ್ಣು ಕದಲಿತ್ತು. ಕೇಳಿದ್ದಕ್ಕೆ "ನಂಗೇನ್ ಗೊತ್ತಮ್ಮ, ಹಂದಿ ಬಂದಿರ್ಬೇಕು" ಅಂದಿರಿ. ನೀವು ಸ್ನಾನಕ್ಕೆ ಹೋದಾಗ ಕೆದಕಿ ನೋಡಿದೆ. ಮೊನ್ನೆ ನಾನು ಅಡಿಗೊಂದು ಗಡ್ಡೆ ನೆಟ್ಟಿದ್ದೆ. ಈಗ ಎಲ್ಲವೂ ಗೇಣಿಗೊಂದರಂತೆ ಇವೆ, ಮಡಿಯ ಕೊನೆಯಲ್ಲಿ ಜಾಗ ಉಳಿದಿದೆ. ಅವಸರದಲ್ಲಿ ನಾನು ತಲೆಕೆಳಗಾಗಿ ಇಟ್ಟಿದ್ದ ಗಡ್ಡೆಗಳ ಮೊಳಕೆಯೂ ಮೇಲಕ್ಕೆ ತಿರುಗಿದೆ. ಮೇಲೆ ಮಣ್ಣೆಳೆದು ಅಂಗೈಯಲ್ಲಿ ತಟ್ಟಿದ ಗುರುತಿದೆ. ಯಾವ ಹಂದಿ ಮಾವ, ಇಷ್ಟು ಚೆನ್ನಾಗಿ ಬೇಸಾಯ ಮಾಡುವುದು?

ಹರ್ನಿಯಾ ಆಪರೇಷನ್ ಆಗಿ ಇಪ್ಪತ್ತು ದಿನವಾಗಿದೆ, ಅಷ್ಟೆ. ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರ್ ಹೇಳಿದಾಗ ನನ್ನೆದುರೇ ತಲೆಯಾಡಿಸಿದ್ದಿರಿ. ನಿನ್ನೆ ಊಟಕ್ಕೆ ಕೂರುವಾಗ ಹೊಟ್ಟೆ ಹಿಡಿದುಕೊಂಡಿದ್ದನ್ನು ನಾನು ನೋಡಿದೆ. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ.

ಗುದ್ದಲಿ ಹುಡುಕಬೇಡಿ. ಪಕ್ಕದ ಮನೆ ಆಶಾರಾಣಿಯ ಹತ್ತಿರ ಕೊಟ್ಟಿದ್ದೇನೆ, ನೀವು ಕೇಳಿದರೂ ಕೊಡಬೇಡ ಎಂದೂ ಹೇಳಿದ್ದೇನೆ. ಉಳಿದ ಬಿತ್ತನೆ ಗಡ್ಡೆ ಬೀರುವಿನಲ್ಲಿದೆ, ಬೀಗದಕೈ ನನ್ನ ಬ್ಯಾಗಿನಲ್ಲಿದೆ.

ಎರಡನೇ ಮಡಿಯನ್ನು ಸಂಜೆ ನೆಡೋಣ. ನೀವು ಕುರ್ಚಿಯಲ್ಲಿ ಕೂತು ಹೇಳಿ, ನೀವು ಹೇಳಿದಷ್ಟೇ ಅಂತರದಲ್ಲಿ ನಾನು ನೆಡುತ್ತೇನೆ. ಇಷ್ಟು ವರ್ಷ ಆಲೂಗಡ್ಡೆ ಬೆಳೆದವರು ಮನೆಯಲ್ಲೇ ಇರುವಾಗ ಮೊಬೈಲ್ ನೋಡಿ ನೆಟ್ಟಿದ್ದು ನನ್ನದೇ ತಪ್ಪು.

ಬಂದ ಕೂಡಲೇ ಮೊದಲು ನಿಮ್ಮ ಉಗುರು ನೋಡುತ್ತೇನೆ.

ಸುಧಾ